ಕಟ್ಟು ಬಿದ್ದ ಊರಲ್ಲಿ ಸಿಡುಬಿನ ಸೂಜಿ

ಯಾರದು, "ಅಜ್ಜನಿಗೆ ವಯಸ್ಸಾಯ್ತು, ಸುಮ್ಮನೆ ಕತೆ ಕಟ್ತಾರೆ" ಅಂತ ಗ್ರೂಪಲ್ಲಿ ಹಾಕಿದ್ದು? ನಗೋ ಮುಖ ಬೇರೆ ನಾಲ್ಕು. ನಿನ್ನೆ ಮಧ್ಯಾಹ್ನ ಏನು ತಿಂದ್ರಿ ಅಂತ ಕೇಳಿದ್ರೆ ಫೋನು ತೆಗೆದು ಫೋಟೋ ನೋಡಿ ಹೇಳೋರು ನೀವು, ನನ್ನ ನೆನಪಿನ ಮೇಲೆ ಅನುಮಾನ ಪಡ್ತೀರಾ? ನನಗೆ ತೊಂಬತ್ತೊಂದು. ಕಣ್ಣು ಮಂದ, ಮಂಡಿ ಹೋಗಿದೆ. ತಲೆ ಹೋಗಿಲ್ಲ. ಈ ಕತೆ ನಡೆದಾಗ ನಾನು ಹುಟ್ಟೇ ಇರಲಿಲ್ಲ, ಒಪ್ಪಿದೆ. ಆದ್ರೆ ಇದನ್ನ ಹೇಳಿದ್ದು ನನ್ನ ಹೆತ್ತವ್ವ. ಹಾಸಿಗೆ ಹಿಡಿದಿದ್ದ ಆರು ತಿಂಗಳಲ್ಲಿ ಹತ್ತು ಸಲ ಹೇಳಿದ್ಲು, ಹತ್ತು ಸಲದಲ್ಲೂ ಒಂದು ಮಾತು ಆಚೆ ಈಚೆ ಆಗಲಿಲ್ಲ. ಸುಳ್ಳು ಹೇಳೋರಿಗೆ ಅಷ್ಟು ಜ್ಞಾಪಕ ಇರಲ್ಲ. ಫೋನಲ್ಲಿ ಮಾತಾಡಿ ಕಳಿಸ್ತಿದೀನಿ, ಬಾಯಿ ಮುಚ್ಚಿಕೊಂಡು ಕೇಳಿ.

ಅವ್ವ ಅವ್ವ ಅಂತ ಹೇಳಿದ್ರೆ ಯಾರ ಅವ್ವ ಅಂತ ಗೊತ್ತಾಗಲ್ಲ. ಅದಕ್ಕೆ ಯಮುನ ಅಂತ ಹೆಸರಿಟ್ಟೇ ಹೇಳ್ತೀನಿ. ಮನೇಲಿ ಆಡ್ತಿದ್ದದ್ದು ಅರೆಭಾಷೆ. ನಿಮಗೆ ಅದು ಅರ್ಧಂಬರ್ಧ, ಹಾಗಾಗಿ ಕನ್ನಡ.

ಸಾವಿರದ ಒಂಬೈನೂರ ಇಪ್ಪತ್ನಾಲ್ಕರಲ್ಲಿ ದೊಡ್ಡ ನೆರೆ ಬಂತಲ್ಲ, ಅದಾಗಿ ಎರಡನೇ ಬೇಸಿಗೆ. ಮಾದಾಪುರದಿಂದ ಎರಡು ಮೈಲಿ ಮೇಲೆ ನಮ್ಮೂರು. ಮನೇಲಿ ನಾಲ್ಕು ಜನ. ನನ್ನಜ್ಜ ಜವರಪ್ಪ, ಅವನ ತಾಯಿ ಚೋಮಜ್ಜಿ, ಅವನ ಮಗ ಬೋಜ, ಅಂದ್ರೆ ನನ್ನಪ್ಪ, ಆಮೇಲೆ ಬೋಜನ ಹೆಂಡತಿ ಯಮುನ. ಜವರಪ್ಪನ ಹೆಂಡತಿ ತೀರಿಹೋಗಿ ಆಗಲೇ ಆರು ವರ್ಷ. ಯಮುನ ಮದುವೆಯಾಗಿ ಬಂದು ಬರೀ ಮೂರು ತಿಂಗಳು. ಹದಿನೇಳು ವರ್ಷ.

ಜವರಪ್ಪ ಸರ್ಕಾರಿ ನೌಕರ. ಸರ್ಕಾರದ ಬಾಯಲ್ಲಿ ವ್ಯಾಕ್ಸಿನೇಟರ್, ಊರಿನ ಬಾಯಲ್ಲಿ 'ಸಿಡುಬು ಚುಚ್ಚೋ ಜವರಪ್ಪ'. ಹೆಗಲಿಗೆ ಒಂದು ಚರ್ಮದ ಚೀಲ ಹಾಕ್ಕೊಂಡು ಹನ್ನೆರಡು ಊರು ಸುತ್ತೋನು. ಅವನು ಬಂದ ಅಂದ್ರೆ ಮಕ್ಕಳೆಲ್ಲ ಕಾಫಿ ಗಿಡದ ಬುಡಕ್ಕೆ ನುಗ್ಗೋವು. ಅಟ್ಟಿಸಿಕೊಂಡು ಹೋಗೋನಲ್ಲ ಅವನು. ಜಗಲಿ ಮೇಲೆ ಕೂತು ಹಲಸಿನ ಹಪ್ಪಳ ಕಟಕಟ ಅಂತ ತಿನ್ನೋನು. ಒಂದೊಂದೇ ಹೊರಗೆ ಬರೋವು. ಹಪ್ಪಳ ಕೊಡೋನು, ತೋಳು ಹಿಡಿಯೋನು, ಮದ್ದಿನ ಹನಿ ಇಟ್ಟು ನಾಲ್ಕು ಗೀರು ಗೀರೋನು. ಮುಗೀತು.

ಆ ಹೊತ್ತಿಗೆ ಅವನಿಗೆ ಹತ್ತಿರದ್ದು ಸರಿಯಾಗಿ ಕಾಣ್ತಿರಲಿಲ್ಲ. ಗಾಜಿನ ನಳಿಗೆಯಿಂದ ಮದ್ದು ತೆಗೆಯೋದು, ಸೂಜಿ ಕುದಿಸೋದು, ಮನೆ ಜಗಲಿಗೆ ಬಂದ ಮಕ್ಕಳ ತೋಳು ಹಿಡಿಯೋದು, ಎಲ್ಲ ಯಮುನನ ಪಾಲಿಗೆ ಬಂದಿತ್ತು.

"ಗೀರು ಆಳಕ್ಕೆ ಹೋಗಬಾರದು ಕೂಸೇ. ಕೆಂಪು ಮುಖ ತೋರಿಸಿದ್ರೆ ಸಾಕು, ಹರೀಬಾರದು," ಅನ್ನೋನು. ಯಮುನ ನೋಡಿ ನೋಡಿ ಕಲಿತಳು.

ಅವನಿಗೆ ಇನ್ನೊಂದು ಕೆಲಸ ಇತ್ತು, ಸಂಬಳ ಇಲ್ಲದ್ದು. ಊರಿನ ಭಗವತಿ ಹಬ್ಬದಲ್ಲಿ ಅಮ್ಮ ಗುಡಿಯಿಂದ ಹೊರಗೆ ಬರುವಾಗ ಮೇಲೆ ಕೊಡೆ ಹಿಡಿಯೋದು ನಮ್ಮ ಮನೆ ಗಂಡಸು. ಐದು ತಲೆಮಾರಿಂದ. ಕಟ್ಟು ಅಂದ್ರೆ ಏನು ಅಂತ ನಿಮಗೆ ಯಾರೂ ಹೇಳಿರಲ್ಲ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಊರಿನ ತಕ್ಕ, ಅಂದ್ರೆ ದೇವಸ್ಥಾನದ ಯಜಮಾನ, ಗುಡಿ ಮುಂದೆ ನಿಂತು ಕೂಗಿ ಹೇಳ್ತಾನೆ. ಅಲ್ಲಿಗೆ ಕಟ್ಟು ಬಿತ್ತು. ಊರೋರು ಹಸಿ ಮರ ಕಡಿಯೋ ಹಾಗಿಲ್ಲ, ಕೋಳಿ ಕುಯ್ಯೋ ಹಾಗಿಲ್ಲ, ಯಾವ ಜೀವದ ರಕ್ತಾನೂ ಬೀಳಿಸೋ ಹಾಗಿಲ್ಲ. ಊರು ಬಿಟ್ಟು ಆಚೆ ಹೋದ್ರೂ ಕಟ್ಟು ಮನುಷ್ಯನ ಮೈ ಮೇಲೇ ಇರುತ್ತೆ. ಬೇರೆ ವರ್ಷ ಜವರಪ್ಪ ಆ ಹದಿನೈದು ದಿನಕ್ಕೆ ರಜ ಬರೆದು ಕೊಡ್ತಿದ್ದ, ಸರ್ಕಾರದೋರು ಕೊಡ್ತಿದ್ರು. ಯಾರಿಗೂ ತಕರಾರಿರಲಿಲ್ಲ.

ಆ ವರ್ಷ ಶುಕ್ರವಾರ ಕಟ್ಟು ಬಿತ್ತು. ಶನಿವಾರ ಬೆಳಿಗ್ಗೆ ಯಮುನ ಸಾರಿಗೆ ಅಂತ ಕರಿಬೇವಿನ ಕೊಂಬೆ ಲಟಕ್ಕಂತ ಮುರಿದಳು. ಬೋಜ ಎಗರಿದ.

"ಏ, ಕಟ್ಟಲ್ಲಿ ಹಸಿ ಕೊಂಬೆ ಮುರೀತೀಯಲ್ಲೇ! ನಿನ್ನ ತವರಲ್ಲಿ ಏನೂ ಕಲಿಸಿಲ್ವಾ?"

ಚೋಮಜ್ಜಿ ಒಲೆ ಮುಂದಿಂದಲೇ, "ಅವಳಿಗೆಲ್ಲಿ ಕಟ್ಟೋ ಬೆಪ್ಪೇ?" ಅಂದ್ಲು. "ಮೊದಲ ಹಬ್ಬದಲ್ಲಿ ಹೆಸರು ಕೂಗಿ ತೀರ್ಥ ಕೊಡೋವರೆಗೂ ಬಂದ ಸೊಸೆ ನೆಂಟರ ಲೆಕ್ಕ. ತೀರ್ಥ ಕುಡಿದ ಮೇಲೆ ಊರಿನೋಳು. ಕಟ್ಟೂ ಆಮೇಲೇ."

"ಹಾಗಾದ್ರೆ ಕೋಳಿನೂ ಇವಳೇ ಕುಯ್ಯಲಿ."

"ಕುಯ್ದ್ರೆ ತಿನ್ನೋ ಬಾಯಿಗೆ ಕಟ್ಟಿದೆಯಲ್ಲ ಮಗನೇ."

ಜವರಪ್ಪ ನಕ್ಕ. ಆ ಮನೇಲಿ ಆ ತಿಂಗಳು ಅವನು ನಕ್ಕಿದ್ದು ಅದೇ ಕೊನೆ ಅಂತ ಯಮುನ ಹೇಳ್ತಿದ್ಲು.

ಸೋಮವಾರ ಇನ್‌ಸ್ಪೆಕ್ಟರ್ ನಾಗೇಶ್ವರಯ್ಯ ಮಡಿಕೇರಿಯಿಂದ ಕುದುರೆ ಮೇಲೆ ಬಂದ್ರು. ಜೊತೆಗೊಬ್ಬ ಆಳು, ಅವನ ತಲೆ ಮೇಲೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆ. ಅದರೊಳಗೆ ಮದ್ದು. ಇನ್‌ಸ್ಪೆಕ್ಟರು ಮಡಿ ಮನುಷ್ಯ. ನಮ್ಮ ಮನೆ ನೀರು ಕುಡೀತಿರಲಿಲ್ಲ, ಎಳನೀರು ಕೆತ್ತಿ ಕೊಟ್ರೆ ಕುಡಿಯೋರು. ಆವತ್ತು ಅದೂ ಬೇಡ ಅಂದ್ರು.

"ಏನ್ರೀ ಜವರಪ್ಪ, ನಿಮ್ಮ ಊರ ಪಕ್ಕದ ಎಸ್ಟೇಟಿನ ಲೈನಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ, ಸಿಡುಬು ಎದ್ದಿದೆ. ಮಲ್ಲ ಅಂತ ಮೇಸ್ತ್ರಿ. ಮೈಯೆಲ್ಲ ತುಂಬಿದೆ. ನಾಳೆಯಿಂದಲೇ ಲೈನಿನ ಮಕ್ಕಳಿಗೆಲ್ಲ ಹಾಕಬೇಕು."

ಜವರಪ್ಪ ಎದ್ದು ನಿಂತ. "ಸ್ವಾಮಿ, ಕಟ್ಟು ಬಿದ್ದಿದೆ. ರಜಕ್ಕೆ ಬರೆದಿದ್ದೆ."

"ರಜ ಇಲ್ಲ. ಸಿಡುಬು ನಿಮ್ಮ ಹಬ್ಬ ನೋಡಿಕೊಂಡು ಬರುತ್ತಾ?"

"ಹನ್ನೊಂದು ದಿನ ಕೊಡಿ. ಹಬ್ಬ ಮುಗಿದ ಸಂಜೆಗೇ ಹೊರಡ್ತೀನಿ."

"ಈ ಸೆಕೆಗೆ ಮದ್ದು ಒಂದು ವಾರ ತಡೆದ್ರೆ ಹೆಚ್ಚು. ಆಮೇಲೆ ಅದೂ ನೀರು, ಇದೂ ನೀರು."

"ಬೇರೆಯವರನ್ನ ಕಳಿಸಿ ಸ್ವಾಮಿ."

"ಎಲ್ಲಿದ್ದಾರ್ರೀ? ಇಬ್ಬರು ವಿರಾಜಪೇಟೆ ಕಡೆ, ಒಬ್ಬ ಜ್ವರದಲ್ಲಿ ಮಲಗಿದ್ದಾನೆ. ನಾನು ಹಾಕೋಣ ಅಂದ್ರೆ ಇನ್ನೂ ಮೂರು ಕಡೆ ಮಡಕೆ ತಲುಪಿಸಬೇಕು." ಇನ್‌ಸ್ಪೆಕ್ಟರು ಒಂದು ಚೂರು ಮೆತ್ತಗಾದ್ರು. "ನೋಡಿ, ನಾನೂ ಏಕಾದಶಿ ಮಾಡೋನೇ. ಏಕಾದಶಿ ದಿನ ಮೇಲಿನವರು ಕರೆದ್ರೆ ಹಸಿದುಕೊಂಡೇ ಹೋಗ್ತೀನಿ. ಹೋಗಲ್ಲ ಅನ್ನಲ್ಲ."

"ನಾನೂ ಹಸಿದುಕೊಂಡು ಬರ್ತೀನಿ ಸ್ವಾಮಿ. ಮಡಕೆ ಹೊರ್ತೀನಿ, ಲೈನ್ ಗುಡಿಸ್ತೀನಿ, ಆ ಮಲ್ಲನ ಹುಣ್ಣು ಬೇಕಾದ್ರೂ ತೊಳೀತೀನಿ. ಗೀರು ಹಾಕಲ್ಲ. ವರ್ಷವೆಲ್ಲ ಈ ಕೈ ಸರ್ಕಾರದ್ದು. ಹದಿನೈದು ದಿನ ಅಮ್ಮನದು."

"ಗೀರಿದ್ರೆ ಬರೋ ರಕ್ತ ಎಷ್ಟು? ಸೊಳ್ಳೆ ಕಚ್ಚಿದ್ರೂ ಅದಕ್ಕಿಂತ ಜಾಸ್ತಿ!"

"ಸೊಳ್ಳೆ ಕೊಡೆ ಹಿಡಿಯಲ್ಲವಲ್ಲ ಸ್ವಾಮಿ."

ಇನ್‌ಸ್ಪೆಕ್ಟರಿಗೆ ಸಿಟ್ಟೂ ಬಂತು, ನಗುವೂ ಬಂತು, ಎರಡನ್ನೂ ನುಂಗಿಕೊಂಡ್ರು. ಮಡಕೆ ಜಗಲಿ ಮೇಲೆ ಇಡಿಸಿದ್ರು. "ಮುಂದಿನ ವಾರ ಗುರುವಾರ ಬರ್ತೀನಿ. ಮಕ್ಕಳ ತೋಳು ನೋಡ್ತೀನಿ. ಗುರುತು ಇಲ್ಲದಿದ್ರೆ ನಿಮ್ಮ ಚೀಲ ನನ್ನ ಕೈಗೆ ಕೊಟ್ಟುಬಿಡಿ," ಅಂದು ಕುದುರೆ ಹತ್ತಿದ್ರು.

ಅಲ್ಲಿಂದ ಮನೇಲಿ ಶುರುವಾಯ್ತು. ಒಂದು ಊಟಾನೂ ನೆಟ್ಟಗೆ ಆಗಲಿಲ್ಲ.

ಸೋಮವಾರ ಸಂಜೆ ಗಂಜಿ, ಕಾಡುಮಾವಿನ ಗೊಜ್ಜು. ಬೋಜ ತಟ್ಟೆ ಮುಂದೆ ಕೂತೇ, "ಅಪ್ಪ, ಹೋಗಿ ಬಾ. ಯಾರಿಗೂ ಗೊತ್ತಾಗಲ್ಲ," ಅಂದ.

"ಅಮ್ಮನಿಗೆ ಗೊತ್ತಾಗಲ್ವಾ?"

"ಅಮ್ಮನಿಗೆ ಸಿಡುಬು ಬಂದಿದ್ದು ಗೊತ್ತಿಲ್ವಾ ಹಾಗಾದ್ರೆ?"

ಚೋಮಜ್ಜಿ ಸೌಟು ಎತ್ತಿದ್ಲು. "ನಾಲಿಗೆ ಬಿಗಿ ಹಿಡಿಯೋ! ಅಮ್ಮನ ಮೇಲೆ ಮಾತಾಡ್ತಾನೆ!"

"ನಾನು ಅಮ್ಮನ ಮೇಲೆ ಮಾತಾಡ್ತಿಲ್ಲ ಅಜ್ಜಿ, ಅಪ್ಪನ ಕೆಲಸದ ಮೇಲೆ ಮಾತಾಡ್ತಿದೀನಿ. ನೆರೆ ಗದ್ದೆಗೆ ಮರಳು ಹೊಡೆದು ಹೋಯ್ತು. ಎರಡು ವರ್ಷದಿಂದ ನಾವು ಉಣ್ತಿರೋದು ಯಾರ ಅಕ್ಕಿ? ಸೂಜಿ ಅಕ್ಕಿ."

"ಸೂಜಿ ಬರೋ ಮೊದಲು ಈ ಮನೆ ಉಪವಾಸ ಇತ್ತೇನೋ?"

"ಇತ್ತು ಅಂತ ನೀನೇ ಹೇಳ್ತಿದ್ದೆಯಲ್ಲ, ಗೆಣಸು ತಿಂದು ಬೆಳೆದೆ ಅಂತ!"

ಜವರಪ್ಪ ಕೈ ತೊಳೆದು ಎದ್ದ. ಗಂಜಿ ಅರ್ಧ ಹಾಗೇ ಇತ್ತು. ಹೋಗ್ತಾ ಯಮುನನಿಗೆ, "ಮಡಕೆ ಬಟ್ಟೆ ಒಣಗೋಕೆ ಬಿಡಬೇಡ," ಅಂದ. ಹಾಕಲ್ಲ ಅಂದ ಮದ್ದಿಗೆ ನೀರು ಹಾಕಿಸ್ತಿದ್ದ ನೋಡಿ. ಅವನೇನು ಕಲ್ಲು ಮನುಷ್ಯ ಅಂತ ತಿಳೀಬೇಡಿ. ಆ ಮೂರು ದಿನ ಅಂಗಳದಲ್ಲಿ ನಿಂತು ಎಸ್ಟೇಟಿನ ಗುಡ್ಡ ನೋಡೋನು, ಒಳಗೆ ಬರೋನು, ಮಡಕೆ ಮುಟ್ಟಿ ತಂಪಿದೆಯಾ ಅಂತ ನೋಡೋನು, ಮತ್ತೆ ಅಂಗಳಕ್ಕೆ ಹೋಗೋನು.

ಬುಧವಾರ ಯಮುನನ ಅಣ್ಣ ಬೆಳ್ಳಿಯಪ್ಪ ಬಂದ. ಅದೇ ಎಸ್ಟೇಟಲ್ಲಿ ರೈಟರ್, ಆಳುಗಳ ಹಾಜರಿ ಬರೆಯೋನು. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತ.

"ಬಾವ ಇದ್ದಾರಾ? ಬೇಡ ಬೇಡ, ನಾನು ಹತ್ತಿರ ಬರಲ್ಲ. ಮಲ್ಲ ಹೋಗಿಬಿಟ್ಟ. ನಿನ್ನೆ. ಇವತ್ತು ಪಕ್ಕದ ಮನೆ ಮಗುವಿಗೆ ಜ್ವರ. ಲೈನಲ್ಲಿ ಐವತ್ತಮೂರು ಮಕ್ಕಳಿವೆ, ಮಾವ," ಅಂತ ಜವರಪ್ಪನ ಕಡೆ ತಿರುಗಿದ. "ತಾಯಂದಿರು ನನ್ನ ಕಾಲು ಹಿಡೀತಾರೆ. ನಾನೇನು ಹೇಳಲಿ, ಹಬ್ಬ ಇದೆ ಅಂತಲಾ?"

ಜವರಪ್ಪ ಮಡಕೆ ಬಟ್ಟೆ ಮುಟ್ಟಿ ನೋಡಿದ.

ಯಮುನ ಬಾಗಿಲ ಹಿಂದಿಂದ ಅಂದ್ಲು, "ಮಾವ, ನನಗೆ ಕಟ್ಟಿಲ್ಲವಲ್ಲ."

ಎಲ್ಲರೂ ತಿರುಗಿದ್ರು.

"ನನಗೆ ಬರುತ್ತೆ. ನೀವೇ ತೋರಿಸಿದ್ದೀರಿ."

"ಬೇಡ," ಅಂದ ಜವರಪ್ಪ. "ಅದು ಸರ್ಕಾರದ ಸೂಜಿ. ಸರ್ಕಾರ ಅಪ್ಪಣೆ ಕೊಟ್ಟೋರು ಮಾತ್ರ ಮುಟ್ಟಬೇಕು. ಕೇಸು ಹಾಕ್ತಾರೆ ನಿನ್ನ ಮೇಲೆ. ಸುಮ್ಮನಿರು."

ಯಮುನ ಸುಮ್ಮನಾದಳು. ಆ ಕಾಲದ ಸೊಸೆ ಸುಮ್ಮನಾದ್ರೆ ಒಪ್ಪಿದಳು ಅಂತ ಲೆಕ್ಕ. ಈ ಸೊಸೆ ಹಾಗಲ್ಲ.

ಗುರುವಾರ ಬೆಳಿಗ್ಗೆ ಜವರಪ್ಪ ಗುಡಿಗೆ ಹೋದ, ಕೊಡೆಗೆ ಹೊಸ ಬಟ್ಟೆ ಕಟ್ಟೋಕೆ. ಬೋಜ ಗದ್ದೆಗೆ. ಯಮುನ ರೊಟ್ಟಿ ಸುಟ್ಟಿಟ್ಟು, "ಅಜ್ಜಿ, ಅಣ್ಣನ ಮನೆಗೆ ಹೋಗಿ ಬರ್ತೀನಿ," ಅಂದ್ಲು. ತಲೆ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಮಡಕೆ, ಮಡಕೆ ಪಕ್ಕ ಚೀಲ, ಮೇಲೊಂದು ಹಳೇ ಸೀರೆ. ಚೋಮಜ್ಜಿ ಬುಟ್ಟಿ ನೋಡಿದ್ಲು. ಏನೂ ಕೇಳಲಿಲ್ಲ. "ಬಿಸಿಲಿದೆ, ತಲೆಗೆ ಸೆರಗು ಹಾಕ್ಕೋ," ಅಂದ್ಲು ಅಷ್ಟೆ. ಅಜ್ಜಿಗೆ ಗೊತ್ತಿತ್ತಾ ಅಂತ ನಾನು ಕೇಳಿದೆ. "ಗೊತ್ತಿದ್ರೂ ಹೇಳೋ ಪೈಕಿ ಅಲ್ಲ," ಅಂದ್ಲು ಯಮುನ.

ಲೈನಿನ ಮುಂದೆ ಹಲಸಿನ ಮರ, ಅದರ ನೆರಳಲ್ಲಿ ಚಾಪೆ. ಹೆಂಗಸರು ಸುತ್ತ ನಿಂತ್ರು. ಹಾಸನದ ಕಡೆಯಿಂದ ತೋಟದ ಕೂಲಿಗೆ ಬಂದೋರು.

ಒಬ್ಬಳು ಅಂದ್ಲು, "ಅಯ್ಯೋ, ಮೀಸೆ ಬರದಿರೋ ಅಯ್ಯನ್ನ ಕಳಿಸವ್ರಲ್ಲೇ ಸರ್ಕಾರದೋರು!"

"ಇವಳಿಗೇ ಒಂದು ಸಲ ಚುಚ್ಚಿಸಬೇಕು, ಇವಳೇ ಚಿಕ್ಕ ಮಗಾ," ಅಂದ್ಲು ಇನ್ನೊಬ್ಬಳು.

ಯಮುನನ ಕೈ ನಡುಗ್ತಿತ್ತು. ನೀರು ಕುದಿಸಿ ಸೂಜಿ ಹಾಕಿ ತೆಗೆದಳು. ಮೊದಲ ಮಗುವಿನ ತಾಯಿ ಹಿಂದೆ ಸರಿದ್ಲು. ಆಗ ಮಲ್ಲನ ಹೆಂಡತಿ ಬಂದ್ಲು. ಗಂಡ ಹೋಗಿ ಎರಡು ದಿನ. ಮಗಳನ್ನ ತಂದು ಚಾಪೆ ಮೇಲೆ ಕೂರಿಸಿದ್ಲು.

"ನನ್ನ ಮಗೀಗೆ ಹಾಕವ್ವ. ಹಾಕು. ನಡುಗಿದ್ರೂ ಪರವಾಗಿಲ್ಲ."

ಮಧ್ಯಾಹ್ನ ದಾಟೋವರೆಗೂ ಹಾಕಿದ್ಲು. ಐವತ್ತೆರಡು ಮಕ್ಕಳು. ಜ್ವರ ಬಂದ ಆ ಒಂದು ಮಗುವನ್ನ ಬಿಟ್ಲು. ಬೆಳ್ಳಿಯಪ್ಪ ಪಕ್ಕದಲ್ಲಿ ಕೂತು ಹೆಸರು ಬರ್ಕೊಂಡ.

ಸಂಜೆ ಮನೇಲಿ ಹಲಸಿನಕಾಯಿ ಪಲ್ಯ. ಬಡಿಸ್ತಾ ನಿಂತೇ ಹೇಳಿಬಿಟ್ಲು.

"ಮಾವ, ಹಾಕಿ ಬಂದೆ."

ಬೋಜನ ಕೈ ಬಾಯಿ ಹತ್ತಿರ ನಿಂತಿತು. "ಏನು ಹಾಕಿ ಬಂದೆ?... ಅಯ್ಯೋ ಹುಚ್ಚಿ! ಮಡಿಕೇರಿ ಜೈಲು ನೋಡೋ ಆಸೆನಾ ನಿನಗೆ?"

"ನಿಮಗೆ ಬೇಕಿದ್ದದ್ದು ಇದೇ ತಾನೇ?"

"ನನಗೆ ಬೇಕಿದ್ದದ್ದು ಅಪ್ಪ ಹೋಗೋದು, ನೀನಲ್ಲ!"

ಜವರಪ್ಪ ಕೈ ಎತ್ತಿ ಮಗನನ್ನ ಸುಮ್ಮನಿರಿಸಿದ. ಯಮುನ ಹೊಡೆತಕ್ಕೇ ಕಾದಿದ್ಲಂತೆ.

"ನಾಲ್ಕು ಗೀರಾ, ಎರಡಾ?"

"ನಾಲ್ಕು."

"ಮದ್ದು ಒಣಗೋವರೆಗೂ ಬಿಸಿಲಿಗೆ ಬಿಟ್ಟೆಯಾ?"

"ಇಲ್ಲ ಮಾವ, ನೆರಳಲ್ಲೇ ಕೂರಿಸಿದ್ದೆ."

"ರಕ್ತ ಹರೀತಾ ಯಾರಿಗಾದ್ರೂ?"

"ಒಬ್ಬನಿಗೆ. ಒದ್ದಾಡಿಬಿಟ್ಟ."

"ಹ್ಞೂಂ. ಅವನದು ಹಿಡಿಯಲ್ಲ. ಮತ್ತೆ ಹಾಕಬೇಕಾಗುತ್ತೆ." ತಟ್ಟೆ ಮುಂದೆ ತಳ್ಳಿದ. "ಪಲ್ಯ ಹಾಕು." ಸೋಮವಾರದಿಂದ ಅವನು ಹೊಟ್ಟೆ ತುಂಬ ಉಂಡಿದ್ದು ಆವತ್ತೇ.

ಅಷ್ಟರಲ್ಲಿ ಮುಗಿದಿದ್ರೆ ನಾನೇನು ಇಷ್ಟು ಹೊತ್ತು ಮಾತಾಡ್ತಿದ್ನಾ? ಲೈನಲ್ಲಿ ಅಷ್ಟೊಂದು ಮಕ್ಕಳ ತೋಳು ಉಬ್ಬಿದ್ದನ್ನ ಯಾರು ಮುಚ್ಚಿಡೋಕೆ ಆಗುತ್ತೆ? ಊರಿಗೆ ಸುದ್ದಿ ಬಂತು, ಯಾರೋ ಸಿಡುಬು ಚುಚ್ಚಿದ್ದಾರೆ ಅಂತ. ಯಾರು ಅಂತ ಲೈನಿನ ಹೆಂಗಸರು ಬಾಯಿ ಬಿಡಲಿಲ್ಲ. ಬೆಳ್ಳಿಯಪ್ಪ ಹೇಳಿಟ್ಟಿದ್ದ. ಆದ್ರೆ ಈ ಸುತ್ತಿನಲ್ಲಿ ಸೂಜಿ ಇರೋ ಮನೆ ಒಂದೇ.

ಮುಂದಿನ ಗುರುವಾರ, ಹಬ್ಬಕ್ಕೆ ಒಂದೇ ದಿನ. ಇನ್‌ಸ್ಪೆಕ್ಟರು ಎಸ್ಟೇಟ್ ಆಫೀಸಿಗೆ ಬಂದು ಜವರಪ್ಪನಿಗೆ ಹೇಳಿಕಳಿಸಿದ್ರು. ಅವನು ಹೋದಾಗ ಅಲ್ಲಿ ಊರಿನ ತಕ್ಕ ಸಾಂತಪ್ಪನೂ ನಿಂತಿದ್ದ, ಕಣ್ಣಾರೆ ನೋಡ್ತೀನಿ ಅಂತ.

ಮಕ್ಕಳು ಸಾಲಾಗಿ ನಿಂತಿದ್ವು. ಇನ್‌ಸ್ಪೆಕ್ಟರು ತೋಳು ತೋಳು ನೋಡ್ತಾ ಹೋದ್ರು. ಒಂದನ್ನ ಬಿಟ್ಟು ಎಲ್ಲದರಲ್ಲೂ ಗುಳ್ಳೆ ಸರಿಯಾಗಿ ಎದ್ದಿತ್ತು.

"ಚೆನ್ನಾಗಿ ಹಿಡಿದಿದೆ. ಗೀರು ಮಾತ್ರ ಈ ಸಲ ತುಂಬ ನಾಜೂಕಾಗಿದೆಯಲ್ರೀ," ಅಂತ ಜವರಪ್ಪನ ದಪ್ಪ ಬೆರಳು ನೋಡಿದ್ರು. ರಿಜಿಸ್ಟರ್ ಬಿಚ್ಚಿ ಮುಂದಿಟ್ರು. "ಹಾಕಿದವರ ರುಜು. ನೀವೇ ಹಾಕಿದ್ದು ಅಂತಾದ್ರೆ ಮಾಡಿ. ಬೇರೆ ಯಾರಾದ್ರೂ ಆದ್ರೆ ನಾನು ವಿಚಾರಣೆ ಬರೀಬೇಕಾಗುತ್ತೆ."

ತಕ್ಕ ಒಂದು ಹೆಜ್ಜೆ ಮುಂದೆ ಬಂದ.

ಜವರಪ್ಪನ ಮುಂದೆ ಇದ್ದದ್ದು ಇಷ್ಟೇ. ನಾನಲ್ಲ ಅಂದ್ರೆ ಕೊಡೆ ಉಳಿಯುತ್ತೆ, ಸೊಸೆ ಕಟಕಟೆ ಹತ್ತುತ್ತಾಳೆ. ಅಷ್ಟೇ ಅಲ್ಲ, ಕಟ್ಟಿನ ದಿನ ರಕ್ತ ಬೀಳಿಸಿದ ಸೊಸೆಗೆ ನಾಳೆ ತೀರ್ಥ ಕೊಡಿ ಅಂದ್ರೆ ಊರು ಒಪ್ಪುತ್ತಾ? ಕಟ್ಟು ಇತ್ತೋ ಇಲ್ಲವೋ ಅಂತ ಯಾರು ಕೂತು ವಾದ ಮಾಡ್ತಾರೆ? ಅವಳು ನೆಂಟರಾಗೇ ಉಳೀತಾಳೆ, ಈ ಊರಲ್ಲಿ, ಸಾಯೋವರೆಗೂ.

ಲೇಖನಿ ತಗೊಂಡ. ಬಗ್ಗಿ, ಕಣ್ಣು ಕಿರಿದು ಮಾಡಿ, ರುಜು ಹಾಕಿದ.

"ನಾನೇ."

ಇನ್‌ಸ್ಪೆಕ್ಟರು ಒಂದು ಗಳಿಗೆ ಅವನ ಮುಖ ನೋಡಿದ್ರು. ಅವರಿಗೆ ತಿಳೀತು ಅಂತ ನನ್ನ ಎಣಿಕೆ. ರಿಜಿಸ್ಟರ್ ಮುಚ್ಚಿದ್ರು. "ಆಯ್ತು. ನಿಮ್ಮ ಚೀಲ ನಿಮ್ಮ ಹತ್ತಿರವೇ ಇರಲಿ," ಅಂದ್ರು.

ತಕ್ಕ ಕೇಳಿದ, "ಕಟ್ಟಲ್ಲೇ ಜವರಪ್ಪ?"

"ಕಟ್ಟಲ್ಲೇ."

"ಸಂಬಳಕ್ಕಾ?"

ಜವರಪ್ಪ ಲೇಖನಿ ಕೆಳಗಿಟ್ಟ.

"ಕೊಡೆ?"

"ಬೇರೆ ಕೈಗೆ ಕೊಡಿ."

"ಕಟ್ಟು ಮುರಿದೋನು ನಾಳೆ ಗುಡಿಯ ಗಡಿ ಕಲ್ಲಿನ ಆಚೆ ನಿಲ್ಲಬೇಕು. ಗೊತ್ತಲ್ಲ?"

"ಗೊತ್ತು."

ಮನೆಗೆ ಬಂದು ಹೇಳಿದಾಗ ಬೋಜ ಗಟ್ಟಿಯಾಗಿ ಅತ್ತನಂತೆ. "ನಾನೇ ಅಲ್ವಾ ಅಪ್ಪ ನಿನಗೆ ಹೋಗು ಹೋಗು ಅಂದಿದ್ದು. ನಾನು ಹೋಗಿ ತಕ್ಕನಿಗೆ ನಿಜ ಹೇಳ್ತೀನಿ." ಚೋಮಜ್ಜಿ, "ಹೇಳಿದ್ರೆ ಕಾಲು ಮುರೀತೀನಿ. ಅಕ್ಕಿ ನೆನೆಹಾಕಿದೆಯಾ ಯಮುನ? ನಾಳೆ ಕಡಂಬಿಟ್ಟು ಮಾಡಬೇಕು," ಅಂದ್ಲು. ಧ್ವನಿ ಮಾತ್ರ ಎಂದಿನದಲ್ಲ.

ಹಬ್ಬದ ದಿನ ಇಡೀ ಊರು ಗುಡಿ ಅಂಗಳದಲ್ಲಿ. ಜವರಪ್ಪ ಗಡಿ ಕಲ್ಲಿನ ಆಚೆ, ಬಿಸಿಲಲ್ಲಿ, ಬಿಳಿ ಪಂಚೆ ಉಟ್ಟು ಕೈ ಕಟ್ಟಿ ನಿಂತಿದ್ದ. ಅಮ್ಮ ಹೊರಗೆ ಬಂದ್ಲು. ಕೊಡೆ ಬೇರೆ ಮನೆಯೋನ ಕೈಯಲ್ಲಿತ್ತು, ಹೊಸಬ, ಓಲಾಡಿಸ್ತಿದ್ದ. ಜವರಪ್ಪನ ಕೈ ತಾನಾಗೇ ಮೇಲೆದ್ದು ಮತ್ತೆ ಕೆಳಗಿಳೀತಂತೆ. ಯಮುನ ಅಷ್ಟು ದೂರದಿಂದ ಅದನ್ನ ನೋಡಿದ್ಲು.

ಆಮೇಲೆ ಹೊಸ ಸೊಸೆಯರ ಹೆಸರು ಕೂಗಿದ್ರು. ಯಮುನ ಕದಲಲಿಲ್ಲ.

"ಅಜ್ಜಿ, ನಾನು ಕುಡಿಯಲ್ಲ. ಎಲ್ಲರ ಮುಂದೆ ಹೇಳಿಬಿಡ್ತೀನಿ."

ಚೋಮಜ್ಜಿ ಅವಳ ತೋಳು ಹಿಡಿದು ಹಿಂಡಿದ್ಲು, ಗುರುತು ಬೀಳೋ ಹಾಗೆ. "ನಿನ್ನೆ ಅವನು ರುಜು ಹಾಕಿದ್ದು ಯಾಕೆ ಅಂದುಕೊಂಡೆ? ನೀನು ಒಳಗೆ ಬರಲಿ ಅಂತ ನನ್ನ ಮಗ ಹೊರಗೆ ನಿಂತಿದ್ದಾನೆ. ನೀನೂ ಆಚೆ ಹೋಗಿ ನಿಂತ್ರೆ ಅವನು ನಿಂತಿದ್ದು ದಂಡ. ಹೋಗು. ಕುಡಿ."

ಯಮುನ ಹೋದ್ಲು. ಕುಡಿದ್ಲು. ಅರ್ಧ ತೀರ್ಥ ಸೀರೆ ಮೇಲೇ ಬಿತ್ತು.

ಜ್ವರ ಬಂದಿದ್ದ ಮಗು ಬದುಕಿತು, ಮುಖದ ತುಂಬ ಕಲೆ. ಐವತ್ತೆರಡರಲ್ಲಿ ಒಂದಕ್ಕೂ ಸಿಡುಬು ಬರಲಿಲ್ಲ. ಹಿಡಿಯದೇ ಇದ್ದ ಆ ಒಂದಕ್ಕೆ ಹಬ್ಬದ ಮಾರನೇ ದಿನವೇ ಜವರಪ್ಪ ಹೋಗಿ ಮತ್ತೆ ಹಾಕಿ ಬಂದ. ಹನ್ನೊಂದು ವರ್ಷ ಇನ್ನೂ ಕೆಲಸ ಮಾಡಿದ. ಪ್ರತಿ ವರ್ಷ ಕಟ್ಟಿಗೆ ರಜ ಬರೆದ. ಕೊಟ್ರೂ ಬರೆದ, ಕೊಡದಿದ್ರೂ ಬರೆದ. ಸರ್ಕಾರದೋರು ನಗೋರು, 'ಒಂದು ಸಲ ಹಾಕಿದೋನು ಈಗ ಯಾಕಯ್ಯ ನಾಟಕ' ಅಂತ. ಊರೋರೂ ನಗೋರು. ತಪ್ಪು ಕಾಣಿಕೆ ಕಟ್ಟಿದ ಮೇಲೆ ಹಬ್ಬದ ಅಂಗಳಕ್ಕೆ ಸೇರಿಸಿಕೊಂಡ್ರು, ಕೊಡೆ ಮಾತ್ರ ವಾಪಸ್ ಬರಲಿಲ್ಲ. ಅವನು ಎರಡೂ ಕಡೆ ಒಂದು ಮಾತು ಆಡಲಿಲ್ಲ. ಸತ್ತಾಗಲೂ ಜನ, 'ಪಾಪ, ಒಳ್ಳೆಯೋನು, ಸಂಬಳದಾಸೆಗೆ ಕಟ್ಟು ಮುರಿದುಬಿಟ್ಟ' ಅಂತಲೇ ಅಂದ್ರು. ಇವತ್ತಿಗೂ ನಮ್ಮ ಮನೆಗೆ ಹೆಣ್ಣು ಕೇಳೋಕೆ ಬಂದೋರ ಕಿವಿಯಲ್ಲಿ ಯಾರಾದ್ರೂ ಆ ಮಾತು ಊದೇ ಊದ್ತಾರೆ.

ಯಮುನ ಬದುಕಿರೋವರೆಗೂ ಇದು ಊರಿಗೆ ಗೊತ್ತಾಗಬಾರದು ಅಂತ ಚೋಮಜ್ಜಿ ಅವಳ ಕೈಲಿ ಆಣೆ ಹಾಕಿಸಿದ್ಲಂತೆ. ಅದಕ್ಕೇ ಅವಳು ನನಗೆ ಹೇಳಿ, "ನಾನು ಹೋದ ಮೇಲೆ ನೀನು ಹೇಳು," ಅಂದ್ಲು. ಅವಳು ಹೋಗಿ ಇಪ್ಪತ್ತಾರು ವರ್ಷ. ತಡ ಮಾಡಿದೆ, ನನ್ನದೇ ತಪ್ಪು, ಬೈಯೋದಾದ್ರೆ ಬೈಯಿರಿ.

ಈಗ ನೀವು ಒಂದು ಕೆಲಸ ಮಾಡಿ. ಇದನ್ನ ನಮ್ಮೂರಿನೋರು ಯಾರ್ಯಾರು ಗೊತ್ತೋ ಅವರಿಗೆಲ್ಲ ಕಳಿಸಿ. ತಕ್ಕ ಸಾಂತಪ್ಪನ ಮರಿಮಕ್ಕಳು ಮೈಸೂರಲ್ಲಿದ್ದಾರೆ, ಅವರಿಗೆ ಮೊದಲು ಕಳಿಸಿ. ನನ್ನ ಧ್ವನಿ ಅರ್ಥ ಆಗದಿದ್ರೆ ನೀವೇ ಬಾಯಲ್ಲಿ ಹೇಳಿ, ಸೇರಿಸೋದೂ ಬೇಡ, ಬಿಡೋದೂ ಬೇಡ. ಜವರಪ್ಪ ಗೀರು ಹಾಕಲಿಲ್ಲ ಅಂತ ಹೇಳಿ. ಹಾಕಿದೋಳಿಗೆ ಆವತ್ತು ಕಟ್ಟಿರಲಿಲ್ಲ ಅಂತಾನೂ ಹೇಳಿ. ಆ ವರ್ಷ ನಮ್ಮೂರಲ್ಲಿ ಕಟ್ಟು ಯಾರೂ ಮುರೀಲಿಲ್ಲ.